ಸೊಂಟದೆತ್ತರದ ಬೇಲಿಗೆ ಆಳೆತ್ತರದ ಬಾಗಿಲು

ಭೂಕಂಪದಲ್ಲಿ ನಮ್ಮ ಹಳ್ಳಿಯ ಮನೆ ಕುಸಿಯಿತು. ಪುಣ್ಯಕ್ಕೆ ನಾವೆಲ್ಲ ಜೀವಸಹಿತ ಹೊರಬಂದೆವು. ಉಮರ್ಗಾ ಪೇಟೆಯಲ್ಲಿ ಸಣ್ಣ ಮನೆ ಕಟ್ಟಿಕೊಂಡ ಮೇಲೂ ಅತ್ತೆಗೆ ಹಳೆ ಮನೆಯ ಕಂಬ, ಜಂತಿ, ಹಲಗೆ, ತಲೆಬಾಗಿಲುಗಳನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ. ಗಾಡಿಯಲ್ಲಿ ತರಿಸಿ ಹಿತ್ತಲಲ್ಲಿ ಒಟ್ಟಿಸಿದರು. ಒಲೆಗೆ ಒಂದು ಚೂರೂ ಹಾಕಗೊಡುತ್ತಿರಲಿಲ್ಲ.

ಮನೆ ಮುಂದೆ ನಾನು ಹಾಕಿದ್ದ ಮೆಂತ್ಯವನ್ನು ಓಣಿಯ ಆಡುಗಳು ಮೂರನೇ ಸಲ ಮೇಯ್ದ ದಿನ ನನ್ನ ಗಂಡ ಎದ್ದು ನಿಂತರು. "ಆ ಕಟಗೀಲೆ ನಾನೇ ಬೇಲಿ ಮಾಡ್ತೀನಿ."

ಅವರದು ಅರಿವೆ ಅಂಗಡಿ. ಅಲ್ಲಿಯವರೆಗೆ ಮೊಳೆ ಹೊಡೆದದ್ದು ಕ್ಯಾಲೆಂಡರ್ ತೂಗುಹಾಕಲಿಕ್ಕೆ ಮಾತ್ರ.

"ಬಡಿಗ್ಯಾನ್ನ ಕರೀರಿ," ಎಂದೆ.

"ಯಾಕ, ನನಗ ಅಳತಿ ಬರೂದಿಲ್ಲೇನು?"

ಅಂಗಡಿಯ ಮೀಟರ್ ಪಟ್ಟಿ ಬಂತು. ಕೊಯ್ದ ಹಲಗೆಗಳಲ್ಲಿ ಕೆಲವು ನಾಲ್ಕು ಬೆರಳು ಹೆಚ್ಚು, ಕೆಲವು ಎರಡು ಬೆರಳು ಕಮ್ಮಿ. ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ ಅಳೆಯುವ ಹಾಗೆ, ಇಲ್ಲಿ ಎದುರಿಗೆ ಯಾವ ಗಿರಾಕಿ ನಿಂತಿದ್ದಾನೆ ಎಂದುಕೊಂಡರೋ! ಅತ್ತೆ ಹೊರಸಿನ ಮೇಲೆ ಕೂತು ಒಂದೊಂದನ್ನೂ ಗುರುತು ಹಿಡಿಯುತ್ತಿದ್ದರು. "ಇದು ಅಡಗಿ ಮನೀದು. ಮಸಿ ನೋಡು."

ಕೊನೆಗೆ ಗೇಟಿನ ಮಾತು ಬಂತು. "ನಮ್ಮ ತಲಬಾಗಿಲಾನೇ ಹಚ್ಚು," ಎಂದರು ಅತ್ತೆ.

"ಯವ್ವಾ, ಬೇಲಿ ನನ್ನ ಸೊಂಟಕ್ಕ ಬರ್ತದ. ಆ ಬಾಗಿಲಾ ನನಕಿಂತ ಎತ್ತರ ಅದ!"

"ಇರಲಿ."

ಚೌಕಟ್ಟು, ಸರಪಳಿ ಸಮೇತ ಅದನ್ನು ನಿಲ್ಲಿಸಲು ನಾಲ್ಕು ಜನ ಬೇಕಾಯಿತು, ಬಡಿಗೇರನೂ ಬೇಕಾದ. "ಅಂವಾ ಬರೇ ಹಿಡಕೊಂಡಿದ್ದ," ಎಂದು ನನ್ನ ಗಂಡ ಇಂದಿಗೂ ಹೇಳುತ್ತಾರೆ.

ಮರುದಿನ ಬಾಜೂ ಮನೆಯ ಮರಾಠಿ ಹೆಂಗಸು ಬಂದಳು. "ಅಗಬಾಯೀ, ಉದಗೀರ ಕಿಲ್ಲಾನೇ ಕಟ್ಟೀರಲ್ಲ!" ಎಂದು ಬೇಲಿಯಾಚೆಯಿಂದಲೇ ನಕ್ಕು, ಬೇಕೆಂತಲೇ ಸರಪಳಿ ಬಡಿದಳು. ಅತ್ತೆ ಎರಡು ಮಾರು ದೂರದಲ್ಲಿ, ಅವಳಿಗೆ ಮುಖ ಕಾಣುವಂತೆಯೇ ಕೂತಿದ್ದರು.

"ಯಾರವ್ರು?" ಎಂದರು ಗಂಭೀರವಾಗಿ.

"ನಾ ರೀ, ಬಾಜೂ ಮನಿಯಾಕಿ."

ಅತ್ತೆ ಎದ್ದು ಹೋಗಿ, ಅಗಳಿ ತೆಗೆದು, "ಬಾ ಬಾ, ಒಳಗ ಬಾ," ಎಂದರು. ಆಮೇಲೆ ಇಬ್ಬರೂ ಹೊಸ್ತಿಲ ಮೇಲೆಯೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮನೆ ಬಿದ್ದಮೇಲೆ ಅತ್ತೆ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಮೆಂತ್ಯದ ಮಡಿಯಲ್ಲಿ ಕಳೆ ಕೀಳುವವಳಂತೆ ಬಗ್ಗಿ ಮುಖ ಮರೆಸಿಕೊಂಡೆ.

ನನ್ನ ಗಂಡನಿಗೆ ಇದರಿಂದ ಭಾರಿ ಧೈರ್ಯ ಬಂತು. ನಿಲಂಗಾದ ತಂಗಿಯ ಮನೆಗೂ ಹೋಗಿ ಬೇಲಿ ಹಾಕಿಕೊಟ್ಟು ಬಂದರು. ಅದು ಮೂರೇ ದಿನಕ್ಕೆ ಮಲಗಿತಂತೆ.

"ಅಲ್ಲಿ ಮಣ್ಣೇ ಛಲೋ ಇಲ್ಲ," ಎಂದರು.