ಗಿರಣಿಯ ಕಂಪ್ಯೂಟರಿಗೆ ಹಚ್ಚಿದ ಎರಡು ಕೆಲಸ

೧೯೯೪ರಲ್ಲಿ ಏಳನೆಯ ಇಯತ್ತೆ ಮುಗಿಸಿ ನಾನು ಶಾಲೆ ಬಿಟ್ಟೆ. ಗಿರಣಿಯಲ್ಲಿ ಅಪ್ಪನಿಗೆ ಕೈ ಬೇಕಾಗಿತ್ತು, ನನಗೂ ಪಾಠಕ್ಕಿಂತ ಬೀಸುವ ಕಲ್ಲಿನ ಸಪ್ಪಳ ಚೆನ್ನಾಗಿ ತಿಳಿಯುತ್ತಿತ್ತು. ಅಂದಿನಿಂದ ಮೋಟರು ಕೆಡಲಿ, ಬೆಲ್ಟು ಹರಿಯಲಿ, ಇನ್ನೊಬ್ಬರ ಬಾಗಿಲಿಗೆ ಹೋದವನಲ್ಲ. ಅಂಥವನನ್ನು ಒಂದು ಹಳೆಯ ಕಂಪ್ಯೂಟರ್ ಮೂರು ವಾರ ಆಡಿಸಿತು ಎಂದು ಬರೆಯಲು ಈಗಲೂ ಮೈ ಉರಿಯುತ್ತದೆ.

ಅದನ್ನು ಅಣ್ಣಿಗೇರಿಯ ನನ್ನ ಹಿಟ್ಟಿನ ಗಿರಣಿಗೆ ತಂದದ್ದು ಅವ್ವನ ಸಲುವಾಗಿ. ಕಣ್ಣು ಮಂಜಾದ ಮೇಲೆ ಅವಳ ಓದು ನಿಂತಿತ್ತು. ಇಂಟರ್‌ನೆಟ್ಟಿನಲ್ಲಿ ಒಂದು ಪಾಡ್‌ಕಾಸ್ಟ್ ಇದೆ, ಪ್ರತಿ ರವಿವಾರ ಸಂಜೆ ಒಂದು ಕಥೆಯ ಒಂದೊಂದೇ ಕಂತು ಓದುತ್ತಾರೆ. ಗಂಡನ ಮನೆ ಬಿಟ್ಟು, ಟ್ರಂಕು ಹಿಡಿದು ಸ್ಟೇಷನ್ನಿಗೆ ಬಂದ ಸೊಸೆಯ ಕಥೆ. ಫೋನಿನ ದನಿ ಅವ್ವನ ಕಿವಿಗೆ ಸಾಲದು, ಗಿರಣಿಯಲ್ಲಿ ದೊಡ್ಡ ಸ್ಪೀಕರಿತ್ತು. ಆದರೆ ನಮ್ಮ ತಗಡಿನ ಶೆಡ್ಡಿನಲ್ಲಿ ಹಗಲು ನೆಟ್ ತೆವಳುತ್ತದೆ, ನಸುಕಿನಲ್ಲಿ ಓಡುತ್ತದೆ. ಇಳಿಸಿಕೊಳ್ಳುವುದಾದರೆ ನಸುಕಿನಲ್ಲೇ.

ಮುಚ್ಚಿಹೋದ ಸೈಬರ್ ಅಂಗಡಿಯಿಂದ ತಂದ ಆ ಡಬ್ಬಿಯಲ್ಲಿ ಲಿನಕ್ಸ್ ಇತ್ತು. ಅದರೊಳಗೆ ಕ್ರಾನ್ ಎಂಬ ಏರ್ಪಾಡು. ಯಾವ ವಾರ, ಎಷ್ಟು ಗಂಟೆಗೆ, ಏನು ಮಾಡಬೇಕು ಎಂದು ಒಂದು ಸಾಲು ಬರೆದಿಟ್ಟರೆ ಸಾಕು, ಹೇಳಿಸಿಕೊಳ್ಳದೆ ಮಾಡುತ್ತದೆ. ವಿಡಿಯೋ ನೋಡಿ, ಇಂಗ್ಲಿಷ್ ಅಕ್ಷರ ಒಂದೊಂದಾಗಿ ಒತ್ತಿ, ಎಂಟು ದಿನದಲ್ಲಿ ಎರಡು ಸಾಲು ಬರೆದೆ. ಸೋಮವಾರ ಬೆಳಿಗ್ಗೆ ಐದಕ್ಕೆ ಹೊಸ ಕಂತು ಇಳಿಸಬೇಕು. ಡಿಸ್ಕ್ ಸಣ್ಣದು, ತುಂಬಬಾರದು. ಮಂಗಳವಾರ ಹತ್ತಕ್ಕೆ ವಾರಕ್ಕಿಂತ ಹಳೆಯದನ್ನು ಅಳಿಸಬೇಕು. ಒಂದು ಶನಿವಾರ ನಸುಕಿನಲ್ಲಿ ಕೈಯಿಂದಲೇ ನಡೆಸಿ ನೋಡಿದೆ. ಹನ್ನೊಂದನೆಯ ಕಂತು ಇಳಿಯಿತು, ಅವ್ವ ಕೇಳಿದಳು.

ಜೋಳ ಬೀಸಿಸಲು ಬಂದ, ಶಾಲೆಯಲ್ಲಿ ನನಗೆ ಗಣಿತ ಕಲಿಸಿದ್ದ ಮಾಸ್ತರರಿಗೆ ತೋರಿಸಿದೆ. "ತಾನ ತರತೈತ್ರಿ ಸರ, ತಾನ ಕಸಾ ಹೊಡೀತೈತಿ. ಇನ್ನ ನಾ ಮುಟ್ಟೂದಿಲ್ರಿ."

"ಭಾರಿ ಆತು ಬಿಡಪಾ. ಹಿಟ್ಟೂ ಅದರ ಕಡೆ ಬೀಸಸು, ನೀ ಮಲಕೊ."

ಮೊದಲ ಮಂಗಳವಾರ ಅವ್ವ ತಾನು ದಿನಾ ಕೂರುವ ಜೋಳದ ಚೀಲದ ಮೇಲೆ ಬಂದು ಕೂತಳು. ಸ್ಪೀಕರಿನಲ್ಲಿ ಮತ್ತೆ ಅದೇ ಹನ್ನೊಂದನೆಯ ಕಂತು.

"ಇದು ಕೇಳಿದ್ದಲ್ಲೋ ತಮ್ಮಾ. ಆಕಿ ಇನ್ನೂ ಸ್ಟೇಷನ್ನಿನ್ಯಾಗ ನಿಂತಾಳ."

ನೆಟ್ಟಿನವರನ್ನು ಬೈದೆ. ಎರಡನೆಯ ಮಂಗಳವಾರ ಹೊಸ ಕಂತು ಬರಲಿಲ್ಲ. ಹತ್ತು ಗಂಟೆಗೆ ಇದ್ದದ್ದೂ ಹೋಯಿತು. ತರುವ ಆಳು ನಾಪತ್ತೆ, ಗುಡಿಸುವ ಆಳು ಮಾತ್ರ ಗಂಟೆಗೆ ಸರಿಯಾಗಿ ಹಾಜರು! ಸಾಲು ಅಳಿಸಿ ಮತ್ತೆ ಬರೆದೆ. ಒಂದೊಂದು ಚುಕ್ಕಿಯನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ತಪ್ಪಿರಲಿಲ್ಲ.

"ನಸಿಕಿಲೆ ಎದ್ದು ಕೈಲೆ ಇಳಸಿ ಬಿಡೋ," ಎಂದಳು ಅವ್ವ.

"ಕೈಲೆ ಇಳಸಾಕ ಅದ್ಯಾಕ ಬೇಕಬೇ?" ಎಂದು ರೇಗಿದೆ. ಎಂಟು ದಿನ ಕೂತು ಬರೆದವನು ನಾನು.

ಮೂರನೆಯ ಮಂಗಳವಾರವೂ ಬರಲಿಲ್ಲ. ಅವ್ವ ಕೈಚೀಲ ಹಿಡಿದೇ ಗಿರಣಿಗೆ ಬಂದಿದ್ದಳು. "ಯರಗುಪ್ಪಿಗೆ ಹೊಂಟೇನಿ. ನಿನ್ನ ತಂಗಿ ಮನ್ಯಾಗ ಸ್ಪೀಕರ್ ಐತಿ. ಕಥಿ ಮುಗಿಯೂಮಟಾ ಅಲ್ಲೇ ಇರತೇನಿ."

ಊರು ನಗುವುದು ಇರಲಿ. ಆ ಜೋಳದ ಚೀಲದ ಮೇಲೆ ಕೂತು, ಹಿಟ್ಟು ಚಿಟಿಕೆಯಲ್ಲಿ ತಿಕ್ಕಿ "ದಪ್ಪ ಬಿತ್ತು" ಎನ್ನುವವಳು ಇಲ್ಲದೆ ನನಗೆ ಗಿರಣಿ ನಡೆಸಿ ಗೊತ್ತಿಲ್ಲ.

"ತಡೀಬೇ. ಬರದದ್ದು ಅಗದಿ ಬರೋಬ್ಬರಿ ಐತಿ. ಸೋಮವಾರ ಐದಕ್ಕ..."

"ಸೋಮವಾರಾ?" ಅವ್ವ ಕೈಚೀಲ ಕೆಳಗಿಟ್ಟಳು. "ಲೇ, ಸೋಮವಾರ ನಿಮ್ಮ ಮುತ್ಯಾ ಎತ್ತಿನ ಹೆಗಲಿಗೆ ನೊಗಾ ಇಟ್ಟಿದ್ದು ಕೇಳೀಯೇನು? ರವಿವಾರ ಸಂಜಿಮುಂದ ಗಿರಣಿ ಮೇನ್ ಕೆಳಗ ಎಳದು ಬರಾಂವ ಯಾರು?"

ನಾನೇ. ನಮ್ಮ ಕಡೆ ಸೋಮವಾರ ಎತ್ತಿಗೆ ರಜೆ. ಗಿರಣಿ ಹಾಕಿದ ಅಪ್ಪ ಅದೇ ಪದ್ಧತಿಯನ್ನು ಯಂತ್ರಕ್ಕೂ ಇಟ್ಟ. ರವಿವಾರ ಸಂಜೆ ಮೇನ್ ಸ್ವಿಚ್ ಕೆಳಗೆ, ಸೋಮವಾರ ಕಲ್ಲಿಗೆ ವಿಭೂತಿ, ಹೂವು, ಮಂಗಳವಾರ ಏಳಕ್ಕೆ ಸ್ವಿಚ್ ಮೇಲೆ. ಇಷ್ಟು ವರ್ಷದಿಂದ ಎಳೆದೂ ಎಳೆದೂ ಕೈಗೆ ರೂಢಿಯಾಗಿದೆ, ತಲೆಗೆ ಸುದ್ದಿ ಹೋಗುವುದಿಲ್ಲ. ಕಂಪ್ಯೂಟರಿಗೂ ಅದೇ ಮೇನಿನಿಂದ ಕರೆಂಟು.

ಪಾಳಿಯಲ್ಲಿದ್ದ ಮಾಸ್ತರರು ಬಿದ್ದು ಬಿದ್ದು ನಕ್ಕರು. "ಎತ್ತಿಗೆ ಸೂಟಿ, ಡಬ್ಬಿಗಷ್ಟ ದುಡಿಮಿ ಏನಪಾ?"

"ಸರ, ನಿಮ್ಮ ಜ್ವಾಳ ನಾಳಿಗೆ ಬೀಸತೇನ್ರಿ," ಎಂದೆ.

ಕಂಪ್ಯೂಟರಿಗೆ ಬೇರೆ ವೈರ್ ಎಳೆಯಲು ಹೊರಟರೆ ಅವ್ವ ಬಿಡಲಿಲ್ಲ. "ಅದಕ್ಕೂ ಒಂದಿನ ಸೂಟಿ ಇರಲಿ." ಸಾಲಿನಲ್ಲಿ ಸೋಮವಾರ ತೆಗೆದು ಬುಧವಾರ ಮಾಡಿದೆ, ತಪ್ಪಿದ ಕಂತುಗಳನ್ನೂ ತರುವಂತೆ ಬರೆದೆ. ಅಳಿಸುವ ಸಾಲನ್ನು ಕಿತ್ತೇ ಹಾಕಿದೆ. ಮರುದಿನ ನಸುಕಿನಲ್ಲಿ ಮೂರು ಕಂತು ಒಟ್ಟಿಗೆ ಇಳಿದವು. ಸೊಸೆ ಗಾಡಿ ಹತ್ತಿದಳು. ಅವ್ವ ಯರಗುಪ್ಪಿಯ ಬಸ್ಸು ಹತ್ತಲಿಲ್ಲ. ಡಿಸ್ಕ್ ತುಂಬುತ್ತಿದೆ, ಕೇಳಿದ್ದನ್ನಾದರೂ ಅಳಿಸಲೇ ಎಂದರೆ "ಇರಲಿ ಬಿಡು, ಮತ್ತ ಕೇಳತೇನಿ" ಎನ್ನುತ್ತಾಳೆ.

ಈಗ ನನ್ನ ಹತ್ತಿರ ಇರುವುದು ಒಂದು ಗಿರಣಿ, ಒಂದು ಕಂಪ್ಯೂಟರ್, ಅದರಲ್ಲಿ ಕ್ರಾನಿನ ಒಂದೇ ಸಾಲು, ಅವ್ವ ಕೇಳಿ ಮುಗಿಸಿದ ನಾಲ್ಕು ಕಂತು, ಗೂಟಕ್ಕೆ ತೂಗುಹಾಕಿದ ಒಂದು ಖಾಲಿ ಕೈಚೀಲ.