ಶನಿವಾರದ ಪದರಿನ ವಡಿ

ಮೊಸರನ್ನು ಅರಿವೆಯಲ್ಲಿ ಕಟ್ಟಿ ತೂಗುಹಾಕಿದಾಗ ಅದರಿಂದ ನೀರು ತೊಟ್ಟಿಕ್ಕುವ ಸದ್ದನ್ನು ನೀವೂ ಕೇಳಿರುತ್ತೀರಿ. ಮೊದಮೊದಲು ಬಡಬಡನೆ ಬೀಳುತ್ತದೆ, ಆಮೇಲೆ ಯೋಚಿಸಿ ಯೋಚಿಸಿ ಒಂದೊಂದೇ ಹನಿ. ಮೊನ್ನೆ ಶ್ರೀಖಂಡದ ಚಕ್ಕಾಕ್ಕೆಂದು ಮೊಸರು ಕಟ್ಟಿ, ಅಡುಗೆಮನೆಯ ನಲ್ಲಿಗೆ ತೂಗುಹಾಕಿ, ಹೊರಗೆ ಬಂದು ಕೂತೆ. ಕೆಳಗಿಟ್ಟ ಸ್ಟೀಲಿನ ಪಾತ್ರೆಯಲ್ಲಿ ಟಪ್ ಎಂದು ಒಂದು ಹನಿ ಬಿತ್ತು. ಇನ್ನೊಂದು ಬೀಳುವ ತನಕ ನಾನು ಉಸಿರು ಹಿಡಿದು ಕಾದಿದ್ದೆ ಎನ್ನುವುದು ಅದು ಬಿದ್ದ ಮೇಲೆಯೇ ತಿಳಿಯಿತು. ಹೀಗೆ ಕಾಯುವುದನ್ನು ನಾನು ಕಲಿತದ್ದು ಬೆಳಗಾವಿಯ ಟಿಳಕವಾಡಿಯಲ್ಲಿದ್ದ ನಮ್ಮ ಮನೆಯಲ್ಲಿ, ಆರನೆಯ ಇಯತ್ತೆಯಲ್ಲಿದ್ದಾಗ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ನಾಲ್ಕು ಮಹಡಿ ಎದ್ದಿವೆ, ಕೆಳಗೆ ಮೊಬೈಲ್ ರಿಪೇರಿಯ ಅಂಗಡಿಯಿದೆ.

ಹೊಸ ಶತಮಾನ ಬಂತೆಂದು ಎಲ್ಲರೂ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ನಮ್ಮ ಮನೆಗೆ ಮಾತ್ರ ಏನೂ ಬಂದಿರಲಿಲ್ಲ, ಕಾಕಾ ತಂದ ಒಂದು ಫ್ರಿಜ್ಜಿನ ಹೊರತು. ನಾನು ಮೂರು ವರ್ಷದವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಆಮೇಲೆ ಅವ್ವನಿಗೆ ಕನ್ನಡ ಶಾಲೆಯಲ್ಲಿ ನೌಕರಿ ಸಿಕ್ಕಿತು, ಆದರೆ ಜಾಂಬೋಟಿಯ ಆಚೆ, ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ. ಅಲ್ಲೇ ಒಂದು ಕೋಣೆ ಹಿಡಿದು ಇದ್ದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸಂಜೆ ನಾಲ್ಕರ ಹೊತ್ತಿಗೆ ಬಂದರೆ, ಭಾನುವಾರ ಮಧ್ಯಾಹ್ನದ ಊಟ ಅರಗುವ ಮುಂಚೆ ಚೀಲ ಹಿಡಿದು ಮತ್ತೆ ಹೊರಟುಬಿಡುತ್ತಿದ್ದಳು. ವಾರದ ಉಳಿದ ದಿನ ಮನೆಯಲ್ಲಿ ನಾವು ಮೂವರು. ಆಯಿ, ಎಂದರೆ ಅಪ್ಪನ ತಾಯಿ. ಕಾಕು, ಅಪ್ಪನ ತಮ್ಮನ ಹೆಂಡತಿ. ಮತ್ತೆ ಹನ್ನೊಂದು ವರ್ಷದ ನಾನು. ಕಾಕಾ ಗೋವಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ತಿಂಗಳಿಗೊಮ್ಮೆ ಬಂದು, ಎರಡು ದಿನ ನಿದ್ದೆ ಮಾಡಿ ಹೋಗುತ್ತಿದ್ದರು. ಕಾಕುಗೆ ಮಕ್ಕಳಿರಲಿಲ್ಲ. ಆಕೆಯ ತವರು ಖಾನಾಪುರ. ನಮ್ಮವರೇ ಆದರೂ ಮಾತಿನಲ್ಲಿ ಅರ್ಧ ಮರಾಠಿ, ನನ್ನನ್ನು ಕರೆಯುವುದೂ ಮಗೂ ಎನ್ನದೆ ‘ಬಾಳಾ’ ಎಂದೇ. ಆಯಿ ಆ ಮರಾಠಿಯನ್ನು ಸದಾ ಆಡಿಕೊಳ್ಳುತ್ತಿದ್ದಳು, ಆದರೆ ಕಾಯಿಪಲ್ಲೆ ಮಾರುವವಳ ಹತ್ತಿರ ಚೌಕಾಸಿಗೆ ಆಕೆಯನ್ನೇ ಮುಂದೆ ಬಿಡುತ್ತಿದ್ದಳು.

ಆ ಬೇಸಿಗೆಯಲ್ಲಿ ಕಾಕು ಓಣಿಯ ಹೆಂಗಸರ ಜೊತೆ ಹತ್ತು ದಿನ ಕುಕಿಂಗ್ ಕ್ಲಾಸಿಗೆ ಹೋದಳು. ದಿನಕ್ಕೊಂದರಂತೆ ಕಲಿಸಿದ್ದರಲ್ಲಿ ಒಂಬತ್ತಕ್ಕೆ ತತ್ತಿ ಬೇಕು, ಇಲ್ಲವೆ ಓವನ್ ಬೇಕು. ಓವನ್ ನಮ್ಮ ಓಣಿಯಲ್ಲೇ ಯಾರ ಮನೆಯಲ್ಲೂ ಇರಲಿಲ್ಲ. ತತ್ತಿಯಂತೂ ಆಯಿ ಇರುವ ತನಕ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಉಳಿದದ್ದು ಇದೊಂದೇ. ಕೆಳಗೆ ಪುಡಿಮಾಡಿದ ಮಾರಿ ಬಿಸ್ಕೀಟು ಮತ್ತು ಬೆಣ್ಣೆ, ನಡುವೆ ಸಕ್ಕರೆ, ಏಲಕ್ಕಿ ಬೆರೆಸಿದ ಚಕ್ಕಾ, ಮೇಲೆ ಮಾವಿನ ರಸ. ಒಲೆಗಿಡುವ ಮಾತೇ ಇಲ್ಲ, ಫ್ರಿಜ್ಜಿನಲ್ಲಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆ. ಕ್ಲಾಸಿನಲ್ಲಿ ಕೊಟ್ಟ ಹಾಳೆಯಲ್ಲಿ ಅದಕ್ಕೆ ಇಂಗ್ಲಿಷಿನ ಉದ್ದನೆಯ ಹೆಸರಿತ್ತು. ಕಾಕು ಅದನ್ನು ‘ಥರಾಚಿ ವಡಿ’ ಎಂದಳು, ಆಯಿ ಅದನ್ನು ‘ಪದರಿನ ವಡಿ’ ಎಂದು ಕನ್ನಡಕ್ಕೆ ತಂದುಕೊಂಡಳು. ಚಕ್ಕಾ ಮತ್ತು ರಸ ಗಟ್ಟಿಯಾಗಲು ಜಿಲೆಟಿನ್ ಎರಡು ಚಮಚ ಎಂದು ಹಾಳೆಯಲ್ಲಿತ್ತು. ಅಂಗಡಿಯವನು ದೊಡ್ಡ ಡಬ್ಬಿಯಿಂದ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ, ಸಕ್ಕರೆಯಂಥ ಪುಡಿ. ಅದು ಏನು, ಎಲ್ಲಿಂದ ಬಂತು ಎಂದು ನಾವು ಯಾರೂ ಕೇಳಲಿಲ್ಲ. ತತ್ತಿ ಇಲ್ಲ ಎನ್ನುವುದನ್ನು ಮಾತ್ರ ಆಯಿ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಶಾಲೆ ಶುರುವಾದ ಮೇಲೂ ಕಾಕು ಅದನ್ನು ವಾರವಾರವೂ ಮಾಡಿದಳು, ಅವ್ವ ಬರುವ ಶನಿವಾರಕ್ಕೆಂದು. ಬುಧವಾರ ನಾನು ಶಾಲೆಯಿಂದ ಬಂದ ಕೂಡಲೆ ಬಿಸ್ಕೀಟುಗಳನ್ನು ಹಳೇ ಧೋತರದ ತುಂಡಿನಲ್ಲಿ ಸುತ್ತಿ ನನ್ನ ಮುಂದಿಡುತ್ತಿದ್ದಳು. ನಾನು ಅದರ ಮೇಲೆ ಲಟ್ಟಣಿಗೆ ಉರುಳಿಸುತ್ತಿದ್ದೆ. ಬೆಣ್ಣೆ ಬೆರೆತಾಗ ಏಳುವ ಆ ಹುರಿದ ಗೋಧಿಯ ವಾಸನೆಗೆ ಆಯಿ ಕೂಡ ಪಡಸಾಲೆಯಿಂದ ಒಮ್ಮೆ ಇಣುಕಿ ಹೋಗುತ್ತಿದ್ದಳು. ಪುಡಿಯನ್ನು ಸ್ಟೀಲಿನ ಟ್ರೇಯಲ್ಲಿ ಹರಡಿ ವಾಟಿಯ ತಳದಿಂದ ಒತ್ತುವುದು ನನ್ನ ಕೆಲಸ. ಆಮೇಲೆ ಮೊಸರು ಕಟ್ಟಿ ತೂಗುಹಾಕುತ್ತಿದ್ದೆವು. ಗುರುವಾರ ಎರಡನೆಯ ಪದರು, ಶುಕ್ರವಾರ ಮೂರನೆಯದು. ಒಂದು ಪದರು ಕೈಗೆ ಹತ್ತದಷ್ಟು ಗಟ್ಟಿಯಾಗದೆ ಇನ್ನೊಂದನ್ನು ಸುರಿಯಬಾರದು ಎಂಬುದು ಕಾಕುನ ಕಾಯಿದೆ. ಫ್ರಿಜ್ಜಿನ ಬಾಗಿಲು ತೆರೆದು ನಾವಿಬ್ಬರೂ ಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದೆವು. ಕರೆಂಟು ಹೋದರೆ ನನ್ನ ಜೀವವೇ ಹೋದಂತಾಗುತ್ತಿತ್ತು. ದೊಡ್ಡವಳಾಗಿ ನಾನೇ ಮಾಡಿದಾಗ ಗೊತ್ತಾಯಿತು, ಆ ಮೂರೂ ಪದರುಗಳನ್ನು ಒಂದೇ ದಿನದಲ್ಲಿ ಮುಗಿಸಬಹುದು. ಕಾಕು ಅದನ್ನು ಮೂರು ದಿನಕ್ಕೆ ಎಳೆದದ್ದು ನನಗೋಸ್ಕರ. ಎಷ್ಟು ಪದರಾದವು ಎಂದು ನೋಡಿದರೆ ಅವ್ವ ಬರಲು ಎಷ್ಟು ದಿನ ಉಳಿಯಿತು ಎಂದು ನನಗೆ ಗೊತ್ತಾಗುತ್ತಿತ್ತು. ಸೋಮವಾರ ಮತ್ತು ಮಂಗಳವಾರ ಟ್ರೇ ಖಾಲಿ ಇರುತ್ತಿತ್ತು, ಆ ಎರಡು ದಿನ ಕಳೆಯುವುದೇ ಬಹಳ ಕಷ್ಟ.

ಒಲೆಯನ್ನೇ ಕಾಣದ್ದು ಅದೆಂಥ ಅಡುಗೆ ಎಂದು ಮೊದಲ ವಾರ ಆಯಿ ಮೂಗು ಮುರಿದಳು. ಎರಡನೆಯ ವಾರ ಒಂದು ಚೂರು ಕೇಳಿದಳು. ಹಲ್ಲೆಲ್ಲ ಬಿದ್ದಿದ್ದ ಆಕೆಗೆ ಅದು ಬಾಯಲ್ಲಿಟ್ಟರೆ ಕರಗುತ್ತಿತ್ತು. ಮೂರನೆಯ ವಾರದಿಂದ ಮೊದಲ ತುಂಡು ಆಕೆಯದೇ ಎಂದಾಯಿತು. ಕೊರಳಲ್ಲಿದ್ದ ಲಿಂಗಕ್ಕೆ ಅರ್ಪಿಸದೆ ಆಯಿ ಏನನ್ನೂ ಬಾಯಿಗಿಡುತ್ತಿರಲಿಲ್ಲ, ಚಹಾ ಕೂಡ. ವಡಿಯನ್ನೂ ಹಾಗೆಯೇ, ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು, ತಟ್ಟೆಯನ್ನು ಅದರ ಮುಂದೆ ಒಯ್ದು, ಕಣ್ಣು ಮುಚ್ಚಿ ಅರ್ಪಿಸಿ, ಆಮೇಲೆ ತಿನ್ನುತ್ತಿದ್ದಳು.

ಮಳೆ ಹಿಡಿದ ಮೇಲೆ ಒಂದು ದಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಬಾಯಿಯವರು ಪ್ರಾಣಿಗಳಿಂದ ಏನೇನು ಸಿಗುತ್ತದೆ ಎಂದು ಹೇಳುತ್ತ, ಎಲುಬು ಮತ್ತು ತೊಗಲನ್ನು ಕುದಿಸಿ ಜಿಲೆಟಿನ್ ತೆಗೆಯುತ್ತಾರೆ ಎಂದರು. ನಾನು ಬರೆಯುವುದನ್ನು ನಿಲ್ಲಿಸಿದೆ. ಕೈಯೆತ್ತಿ, ಅದು ಸಕ್ಕರೆಯಂತಿರುತ್ತದೆಯೇ ಎಂದು ಕೇಳಿದೆ. ಹೌದು ಎಂದರು. ಮನೆಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಮರುದಿನದಿಂದಲೇ ವಡಿ ನಿಲ್ಲುತ್ತದೆ, ಬುಧವಾರವೂ ಸೋಮವಾರದಂತೆಯೇ ಆಗುತ್ತದೆ. ನನಗೆ ಅಷ್ಟೇ ಹೊಳೆದದ್ದು. ಆ ವಾರ ಆಯಿ ತಟ್ಟೆಯನ್ನು ಲಿಂಗದ ಮುಂದೆ ಒಯ್ದಾಗ ನಾನು ಕಿಟಕಿಯ ಕಡೆ ನೋಡಿದೆ. ಮುಂದಿನ ವಾರವೂ ನೋಡಿದೆ. ಹೀಗೆ ನಾಲ್ಕು ಶನಿವಾರ. ನಾನೂ ತಿಂದೆ, ರುಚಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ನಾಲ್ಕನೆಯ ಶನಿವಾರ ಕಳೆದು, ಮಾವು ಮುಗಿದು ಮೇಲಿನ ಪದರಿಗೆ ಕೋಕೋ ಪುಡಿ ಬಂದಿತ್ತು. ಚಕ್ಕಾ ತಿರುವುತ್ತ ಕಾಕು ನನಗೊಂದು ಸುದ್ದಿ ಹೇಳಿದಳು. ಕಾಕಾಗೆ ಗೋವಾದಲ್ಲಿ ಕ್ವಾರ್ಟರ್ಸ್ ಸಿಕ್ಕಿದೆಯಂತೆ. ಪಂಚಮಿ ಮುಗಿಸಿಕೊಂಡು ಆಕೆಯೂ ಅಲ್ಲಿಗೇ ಹೋಗುತ್ತಾಳಂತೆ. ಎಂಟು ವರ್ಷದ ಮೇಲೆ ಗಂಡನ ಜೊತೆ ಸಂಸಾರ ಹೂಡಲಿದ್ದ ಹೆಣ್ಣು ಆಕೆ. ಮುಖ ಅರಳಿತ್ತು, ಸಣ್ಣಗೆ ಏನನ್ನೋ ಗುನುಗುತ್ತಿದ್ದಳು. ಇದೆಲ್ಲ ಈಗ ನನಗೆ ಅರ್ಥವಾಗುತ್ತದೆ. ಅಂದು ಕಂಡದ್ದು ಒಂದೇ, ನನ್ನನ್ನು ಬಿಟ್ಟು ಹೋಗುವುದಕ್ಕೆ ಈಕೆಗೆ ಇಷ್ಟು ಸಂತೋಷ. ನಾನು ಆಕೆಯ ಜೊತೆ ಮಾತು ಬಿಟ್ಟೆ. ಆಕೆ ಎರಡು ಸಲ ರಮಿಸಿ ನೋಡಿ, ತನ್ನ ಕೆಲಸಕ್ಕೆ ತಿರುಗಿದಳು.

ಆ ಶನಿವಾರ ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ನಾಲ್ಕಾಯಿತು, ಐದಾಯಿತು, ಅವ್ವ ಬರಲಿಲ್ಲ. ಪಕ್ಕದ ಮನೆಗೆ ಫೋನು ಬಂತು. ಜಾಂಬೋಟಿಯ ರಸ್ತೆಗೆ ಮರ ಬಿದ್ದಿದೆ, ಬಸ್ಸು ಹೊರಟಿಲ್ಲ, ಈ ವಾರ ಬರಲಾಗುವುದಿಲ್ಲ ಎಂದು ಅವ್ವ ಹೇಳಿಸಿದ್ದಳು. ಕಾಕು ನನ್ನನ್ನು ಸಮಾಧಾನ ಮಾಡಲೆಂದೇ ಇರಬೇಕು, ವಡಿಯನ್ನು ಕೊಯ್ದು ತಂದಳು. ಆಯಿ ತಟ್ಟೆ ತೆಗೆದುಕೊಂಡು, ಲಿಂಗಕ್ಕೆ ಅರ್ಪಿಸಿ, ಒಂದು ಚೂರನ್ನು ಬಾಯಿಗಿಟ್ಟಳು. ಆಗ ನಾನು ಹೇಳಿದೆ.

“ಆಯಿ, ಅದರಾಗ ಎಲುಬಿನ ಪುಡಿ ಐತಿ.”

ಕಾಕು ನಕ್ಕಳು, ಏನೋ ಹುಡುಗಾಟ ಎಂದುಕೊಂಡು. ನಾನು ಶಾಲೆಯಲ್ಲಿ ಕೇಳಿದ್ದನ್ನು ಒಂದೂ ಬಿಡದೆ ಒಪ್ಪಿಸಿದೆ. ಕಾಕುನ ಮುಖದಿಂದ ನಗು ಇಳಿದುಹೋಯಿತು, ಒಂದು ಕೈ ಗೋಡೆಗೆ ಹೋಯಿತು. ಆಯಿ ಬಾಯಲ್ಲಿದ್ದದ್ದನ್ನು ಸೆರಗಿಗೆ ಉಗಿದಳು. ಆಕೆ ಕೂಗಾಡಲಿಲ್ಲ. ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲ, ಗೊತ್ತಿದ್ದೂ ತಿನ್ನಿಸಿದ್ದರೆ ಅದು ಬೇರೆ ಮಾತು ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಸಾಲ್ಯಾಗ ಯಾವಾಗ ಹೇಳಿದರು ಎಂದು ಕೇಳಿದಳು. ಇವತ್ತೇ ಎನ್ನಬೇಕೆಂದಿದ್ದೆ. ಹೆದರಿಕೆಗೆ ಖರೇ ಮಾತೇ ಬಾಯಿಗೆ ಬಂತು. ಹೋದ ತಿಂಗಳು ಎಂದುಬಿಟ್ಟೆ.

“ಹೋದ ತಿಂಗಳಿಂದ ಗೊತ್ತಿತ್ತು. ಮತ್ತ ನಾ ಲಿಂಗಕ್ಕ ಅರ್ಪಿಸೂದು ನೋಡಕೋಂತ ಕುಂತಿದ್ದಿ?”

ಆಯಿ ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ. ನಾನು ಏನಾದರೂ ಹೇಳುವ ಮೊದಲೇ ಕಾಕು ಗೋಡೆ ಬಿಟ್ಟು ಮುಂದೆ ಬಂದು ನನ್ನ ಮತ್ತು ಆಯಿಯ ನಡುವೆ ನಿಂತಳು.

“ಅಕಿ ನನಗ ಅವತ್ತ ಹೇಳಿದ್ಲರೀ ಅತ್ತಿ. ಯಾರ ಮುಂದೂ ಹೇಳಬ್ಯಾಡ ಅಂತ ನಾನ ಅಕಿ ಬಾಯಿ ಮುಚ್ಚಿಸಿದ್ದೆ.”

ನಾನು ಆಕೆಗೆ ಹೇಳಿರಲೇ ಇಲ್ಲ. ಆ ಕ್ಷಣದವರೆಗೆ ಆಕೆಗೆ ಏನೂ ಗೊತ್ತಿರಲಿಲ್ಲ. ಸುಳ್ಳು ಎಂದು ನಾನು ಒಂದು ಮಾತು ಹೇಳಬಹುದಿತ್ತು. ಹೇಳುವುದಕ್ಕೆ ಬೇಕಾದಷ್ಟು ಹೊತ್ತೂ ಇತ್ತು. ನಾನು ಕಾಕುನ ಸೀರೆಯ ನಿರಿಗೆಗಳನ್ನು ನೋಡುತ್ತ ಕೂತಿದ್ದೆ.

ಆಯಿ ಎದ್ದು ಹೋಗಿ ಸ್ನಾನ ಮಾಡಿದಳು. ಎರಡು ದಿನ ಉಪವಾಸವಿದ್ದಳು. ಸೋಮವಾರ ಮಠದ ಅಯ್ಯನವರನ್ನು ಕರೆಸಿ, ಪಾದಪೂಜೆ ಮಾಡಿ, ಪಾದೋದಕ ತೆಗೆದುಕೊಂಡ ಮೇಲೆಯೇ ಊಟ ಮಾಡಿದ್ದು. ಆ ಊಟವನ್ನು ತಾನೇ ಬೇಯಿಸಿಕೊಂಡಳು. ಕಾಕುಗೆ ಒಂದು ಕೆಟ್ಟ ಮಾತು ಆಡಲಿಲ್ಲ, ಒಳ್ಳೆಯದನ್ನೂ ಆಡಲಿಲ್ಲ. ಆಕೆ ತುಂಬಿಟ್ಟ ನೀರನ್ನು ಚೆಲ್ಲಿ ಬೇರೆ ತುಂಬಿಕೊಳ್ಳುತ್ತಿದ್ದಳು. ಬುಧವಾರ ಕಾಕು ತನ್ನ ಟ್ರಂಕು ಕಟ್ಟಿಕೊಂಡು ಖಾನಾಪುರದ ಬಸ್ಸು ಹತ್ತಿದಳು. ಪಂಚಮಿಗೆ ಇನ್ನೂ ಎರಡು ವಾರವಿತ್ತು. ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಇದ್ದದ್ದೇ, ಈ ಸಲ ಸ್ವಲ್ಪ ಲಗೂನೆ ಹೊರಟಿದ್ದಾಳೆ ಎಂದು ಓಣಿಯವರು ತಿಳಿದರು. ಒಬ್ಬಾಕೆ ನಮ್ಮ ಕಟ್ಟೆಯ ಹತ್ತಿರವೇ ನಿಂತು, ಬರುವಾಗ ಖಾನಾಪುರದಿಂದ ತಂಬಿಟ್ಟು ತಾ ಎಂದಳು. ಕಾಕು ಹೂಂ ಎಂದು, ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋದಳು. ಅಲ್ಲಿಂದ ಕಾಕಾ ಆಕೆಯನ್ನು ನೇರವಾಗಿ ಗೋವಾಕ್ಕೆ ಕರೆದೊಯ್ದರು. ಆಯಿ ಸತ್ತ ದಿನದ ಹೊರತು ಆಕೆ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಆಮೇಲೆ ಆ ಮನೆಯಲ್ಲಿ ನಾನು ಮತ್ತು ಆಯಿ. ನಾನು ಶಾಲೆಯಿಂದ ಬರುವ ಹೊತ್ತಿಗೆ ಆಕೆ ಮಲಗಿರುತ್ತಿದ್ದಳು. ಫ್ರಿಜ್ಜಿನಲ್ಲಿ ಹಾಲು, ಹೂವು, ಒಂದಿಷ್ಟು ಹಸಿಮೆಣಸಿನಕಾಯಿ. ಕಾಕುನ ಕೋಣೆಯ ಬಾಗಿಲನ್ನು ನಾನು ದಿನಕ್ಕೊಮ್ಮೆ ತೆರೆದು, ಒಳಗೆ ಹೋಗದೆ, ಮತ್ತೆ ಮುಚ್ಚುತ್ತಿದ್ದೆ. ಅಷ್ಟು ಒಂಟಿತನವನ್ನು ಆಮೇಲೆ ಯಾವತ್ತೂ ಕಂಡಿಲ್ಲ, ಅದನ್ನು ನಾನೇ ಕೈಯಾರೆ ತಂದುಕೊಂಡಿದ್ದೆ ಎನ್ನುವುದು ಅದಕ್ಕಿಂತ ದೊಡ್ಡ ಸಂಕಟ. ಮಗುವಿಗೆ ಸುಳ್ಳು ಕಲಿಸಿದವಳು ಎಂದು ಅವ್ವ ಕಾಕುನ ಮೇಲೆ ಉರಿದುಬಿದ್ದಳು. ಗೋವಾದಿಂದ ಬಂದ ಪತ್ರಗಳನ್ನು ಒಡೆಯದೆ ಇಟ್ಟಳು. ಆಯಿ ಹೋದಳು, ಮನೆ ಹೋಯಿತು. ಅವ್ವ ನಿವೃತ್ತಿಯಾಗಿ ನನ್ನ ಜೊತೆಗೇ ಇದ್ದಳು. ಎಷ್ಟೋ ಸಲ ಅವ್ವನಿಗೆ ಊಟ ಬಡಿಸುವಾಗ, ಅವಳು ಹಳೆಯದನ್ನು ತೆಗೆದು ಕಾಕುನನ್ನು ಬಯ್ಯುತ್ತಿರುವಾಗ, ಇವತ್ತು ಹೇಳಿಬಿಡೋಣ ಎಂದುಕೊಂಡಿದ್ದೇನೆ. ಸಾರು ಬೇಕೇ ಎಂದು ಕೇಳಿ ಒಳಗೆ ಹೋಗಿದ್ದೇನೆ. ಹೋದ ವರ್ಷ ಅವ್ವ ತೀರಿಕೊಂಡಳು. ಕೊನೆಯವರೆಗೂ ಅವಳ ಬಾಯಲ್ಲಿ ಕಾಕುಗೆ ಒಂದೇ ಹೆಸರು, ಎಲುಬು ತಿನ್ನಿಸಿದಾಕಿ.

ಅವ್ವನ ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನು ಖಾನಾಪುರಕ್ಕೆ ಹೋದೆ. ಕಾಕಾನ ನೌಕರಿ ಮುಗಿದು ಇಬ್ಬರೂ ಅಲ್ಲಿಯೇ ಬಂದು ನೆಲೆಸಿದ್ದಾರೆ. ಕಾಕು ಹಿತ್ತಲ ಕಟ್ಟೆಯಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಳಾ ಎಂದು ಕರೆದು ಮೊರವನ್ನು ಸರಿಸಿ ಬಾಜೂಕೆ ಕೂರಿಸಿಕೊಂಡಳು. ನಾನು ಇಪ್ಪತ್ತು ವರ್ಷಗಳಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಮರೆತು, ಅವತ್ತು ಯಾಕೆ ಹಾಗೆ ಹೇಳಿದಿ ಎಂದಷ್ಟೇ ಕೇಳಿದೆ. ಆಕೆಗೆ ಯಾವತ್ತು ಎಂದು ಕೇಳಬೇಕಾಗಲಿಲ್ಲ.

“ನಿನಗ ಆ ಮನ್ಯಾಗ ಇನ್ನೂ ಇರೂದಿತ್ತಲ್ಲ ಬಾಳಾ. ನಾ ಹೆಂಗಿದ್ರೂ ಹೊಂಟಾಕಿ.”

ಅಕ್ಕಿಯಲ್ಲಿ ಒಂದು ಹರಳು ಸಿಕ್ಕಿತು, ತೆಗೆದು ಅಂಗಳಕ್ಕೆ ಎಸೆದಳು. ಆಮೇಲೆ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದಳು.

“ನಿಮ್ಮವ್ವಗರೆ ಖರೇ ಹೇಳಿದ್ದಿ, ಹೌದಿಲ್ಲೊ?”

ಹೂಂ, ಹೇಳಿದ್ದೆ ಕಾಕು, ಎಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟ ಸಾಕು ನೋಡು ನನಗ, ಎಂದಳು.