ಡ್ಯೂಟಿಗೆ ಮೊದಲಿನ ನೀರು

ಕಳೆದ ವಾರ ಕುಂಬಳೆ ಪೇಟೆಯ ಅಂಗಡಿಯೊಂದರಲ್ಲಿ ಅಕ್ಕನ ಮಗಳಿಗೆಂದು ಗಾಳಿ ತುಂಬುವ ಈಜುಬಳೆ ನೋಡುತ್ತಿದ್ದೆ. ಅಂಗಡಿಯವರು ಪ್ಲಾಸ್ಟಿಕ್ ಚೀಲ ಹರಿದು ಅದನ್ನು ಕೊಡವಿದಾಗ ಹೊಸ ರಬ್ಬರಿನ ವಾಸನೆಯೂ ಅದಕ್ಕೆ ಸವರಿದ ಪೌಡರಿನ ವಾಸನೆಯೂ ಒಟ್ಟಿಗೇ ಮೂಗಿಗೆ ಬಂದವು. ಅಲ್ಲಿಂದ ಮುಂದೆ ಅವರು ಎಂತ ಹೇಳಿದರು, ನಾನು ಎಂತ ಹೇಳಿದೆ, ಒಂದೂ ನೆನಪಿಲ್ಲ. ಮನೆಗೆ ಬಂದು ನೋಡಿದರೆ ಚೀಲದಲ್ಲಿ ಎರಡು ಈಜುಬಳೆಗಳಿದ್ದವು.

ಆ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಸಿಸ್ಟರ್.

ಸೀತಾಂಗೋಳಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಲ್ಯಾಬಿನ ಕೆಲಸಕ್ಕೆ ಸೇರಿದಾಗ ಅವರು ಅಲ್ಲಿ ನರ್ಸ್ ಆಗಿದ್ದರು. ರೋಗಿಗಳು, ಡಾಕ್ಟರು, ಎದುರಿನ ಹೋಟೆಲಿನವರು, ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಆ ವಿಷಯ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹುಟ್ಟೂರು ವರ್ಕಾಡಿ. ಸಮುದ್ರವನ್ನು ಮೊದಲು ಕಂಡದ್ದು ಹದಿನೇಳನೆಯ ವಯಸ್ಸಿನಲ್ಲಂತೆ, ನರ್ಸಿಂಗ್ ಸೇರಲು ಹೊರಟ ಬಸ್ಸಿನ ಕಿಟಕಿಯಿಂದ. ಆಮೇಲೆ ಹನ್ನೆರಡು ವರ್ಷ ಗಲ್ಫ್. ವಾಪಸ್ ಬಂದವರು ಊರಿಗೆ ಹೋಗದೆ ಶಿರಿಯದಲ್ಲಿ, ಹೊಳೆಗೆ ಹತ್ತಿರ, ಬಾಡಿಗೆ ಮನೆ ಹಿಡಿದಿದ್ದರು. ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ತುಳು ಬಂತೆಂದರೆ ಸಿಟ್ಟು ಬಂದಿದೆ ಎಂದು ಅರ್ಥ.

ಮೊದಲ ಬೇಸಿಗೆಯಲ್ಲಿ ನನಗೊಂದು ಕುತೂಹಲವಿತ್ತು. ಬೆಳಿಗ್ಗೆ ಏಳೂವರೆಗೆ ನಾನು ಲ್ಯಾಬ್ ತೆರೆಯುವ ಹೊತ್ತಿಗೆ ಸಿಸ್ಟರ್ ಬರುತ್ತಿದ್ದರು. ಯೂನಿಫಾರ್ಮಿನ ಇಸ್ತ್ರಿ ಮುರಿದಿರುತ್ತಿರಲಿಲ್ಲ, ಆದರೆ ತಲೆಕೂದಲು ಒದ್ದೆ, ಬೆರಳ ತುದಿಗಳು ಬಟ್ಟೆ ಒಗೆದವರಂತೆ ಸುಕ್ಕುಗಟ್ಟಿರುತ್ತಿದ್ದವು. ಒಂದು ದಿನ ಕೇಳಿಯೇ ಬಿಟ್ಟೆ.

"ನೀರಿನ ಮೇಲೆ ನಿಲ್ಲಲಿಕ್ಕೆ ಹೋಗ್ತೇನೆ," ಎಂದರು, ಹಾಲು ತರಲು ಹೋಗುತ್ತೇನೆ ಎಂಬಷ್ಟೇ ಸಲೀಸಾಗಿ. "ನಿಂಗೆ ನೋಡ್ಬೇಕಾದ್ರೆ ನಾಳೆ ಬಾ. ಐದೂ ಮುಕ್ಕಾಲು. ನಾನು ಯಾರಿಗೂ ಕಾಯುದಿಲ್ಲ."

ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಎಂತೆಲ್ಲ ಇರುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಿಸ್ಟರ್ ತಂದದ್ದು ಸುರುಳಿ ಸುತ್ತಿದ ಒಂದು ರಬ್ಬರ್ ಹಲಗೆ, ಮೂರು ತುಂಡುಗಳ ಒಂದು ಹುಟ್ಟು, ಒಂದು ಕೈಪಂಪು. ಅಂದು ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಅವರು ಪಂಪು ಒತ್ತುತ್ತಾ ಹೋದ ಹಾಗೆ ಆ ಸುರುಳಿ ಬಿಚ್ಚಿಕೊಂಡು, ಉಬ್ಬಿ, ನನಗಿಂತ ಎರಡು ಮೊಳ ಉದ್ದದ ಗಟ್ಟಿ ಹಲಗೆಯಾಯಿತು. ಸಿಸ್ಟರ್ ಸಡಿಲ ಪ್ಯಾಂಟು, ಉದ್ದ ತೋಳಿನ ಟೀ ಶರ್ಟು, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿದ್ದರು. ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿ, ಮೊದಲು ಮಂಡಿಯೂರಿ, ಆಮೇಲೆ ಮೆಲ್ಲ ಎದ್ದು ನಿಂತು, ಹುಟ್ಟನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾಕುತ್ತಾ ಹೊಳೆಯ ನಡುವಿಗೆ ಹೋದರು. ಸದ್ದೇ ಇರಲಿಲ್ಲ…

ಇಳಿತದ ಹೊತ್ತು. ಸೊಂಟದವರೆಗಿನ ನೀರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸೊಬ್ಬರು ನನ್ನ ಕಡೆ ತಿರುಗಿ, "ಎಂತ ಮಾರಾಯ್ತಿ, ಇವರಿಗೆ ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಸಾಕಾಗುದಿಲ್ವಾ? ಇಲ್ಲಿಯೂ ನಿಲ್ಲುದಾ?" ಎಂದು ಕೇಳಿದರು.

ಅದನ್ನೇ ನಾನು ಸಿಸ್ಟರಿಗೆ ಹೇಳಿದೆ. ಅವರು ಹಲಗೆಯ ಗಾಳಿ ಬಿಡುತ್ತಾ ಕೂತರು. "ಅಲ್ಲಿ ಹನ್ನೆರಡು ವರ್ಷ ಡ್ಯೂಟಿ, ರೂಮು, ಡ್ಯೂಟಿ. ಜೊತೆಯಲ್ಲಿ ಒಬ್ಬಳು ಫಿಲಿಪ್ಪೀನ್ಸಿನವಳು ಇದ್ಳು. ಒಂದು ಶುಕ್ರವಾರ ನನ್ನನ್ನು ಎಳ್ಕೊಂಡು ಹೋದ್ಳು. ನೀರಿನ ನಡುವೆ ಹೋದ ಮೇಲೆ ಒಂದು ಗೊತ್ತಾಯ್ತು, ಅಲ್ಲಿಗೆ ಬಂದು 'ಸಿಸ್ಟರ್' ಅಂತ ಯಾರೂ ಕರೆಯುದಿಲ್ಲ. ಒಂದು ಗಂಟೆ ಸಾಕು. ಮತ್ತೆ ಎಷ್ಟು ಸಲ ಕರೆದ್ರೂ ಕೋಪ ಬರುದಿಲ್ಲ."

ನನಗೆ ಕಲಿಸಿದವರೂ ಅವರೇ. ಹದಿನೈದು ದಿನ ಬಿದ್ದೆ. ಬಾಯಿ ಮೂಗಿನಲ್ಲೆಲ್ಲ ಕೆಸರು ನೀರು. ಕಾಲು ನಡುಗಿದಾಗ "ಕಾಲು ನೋಡ್ಬೇಡ, ದೂರ ನೋಡು" ಎನ್ನುತ್ತಿದ್ದರು, ಬೇರೆ ಪಾಠವೇ ಇಲ್ಲ. ಹದಿನಾರನೆಯ ದಿನ ಹಳೆಯ ರೈಲ್ವೆ ಸೇತುವೆಯ ಕಡೆಗೆ ನೂರು ಮಾರು ನಿಂತೇ ಹೋದೆ. ಮೇಲೆ ರೈಲು ಹೋಯಿತು. ಕಿಟಕಿಯಿಂದ ಯಾರೋ ಕೈಬೀಸಿದರು. ನಾನೂ ಬೀಸಲು ಹೋಗಿ ಬಿದ್ದೆ.

ಅವರದು ಒಂದೇ ಕಟ್ಟುನಿಟ್ಟು. ಏಳಕ್ಕೆ ಹತ್ತು ನಿಮಿಷ ಇರುವಾಗ ನೀರಿನಿಂದ ಹೊರಗೆ ಬಂದಿರಬೇಕು. ಅಲ್ಲಿಂದ ಅವರ ಮನೆಯಲ್ಲಿ ಎರಡು ಚೊಂಬು ಸಿಹಿನೀರು ಸುರಿದುಕೊಂಡು, ಬಟ್ಟೆ ಬದಲಿಸಿ, ಸ್ಕೂಟರಿನಲ್ಲಿ ಸೀತಾಂಗೋಳಿಗೆ ಹೊರಟರೆ ಏಳೂವರೆಗೆ ಸರಿ. ಏಳೂವರೆಗೆ ಲ್ಯಾಬಿನ ಬಾಗಿಲಲ್ಲಿ ಖಾಲಿ ಹೊಟ್ಟೆಯವರು ಕೂತಿರುತ್ತಾರೆ. ಸಕ್ಕರೆ ಕಾಯಿಲೆಯವರು, ಕೆಲಸಕ್ಕೆ ಹೋಗುವ ಮೊದಲು ರಕ್ತ ಕೊಟ್ಟು ಹೋಗುವವರು. "ಅವರು ಚಾ ಕುಡಿಯದೆ ಬಂದಿರ್ತಾರೆ. ಅದು ನೆನಪಿದ್ರೆ ಸಾಕು," ಎನ್ನುತ್ತಿದ್ದರು.

ಎರಡನೆಯ ಬೇಸಿಗೆಗೆ ನನ್ನ ಆಸೆ ಬೆಳೆಯಿತು. ಹೊಳೆ ಸಾಲದಾಯಿತು, ತೆರೆ ಬೇಕೆನಿಸಿತು. ಮಂಗಳೂರಿನ ಕಡೆ ಸರ್ಫಿಂಗ್ ಕಲಿಸುವವರ ಬಳಿ ರಜೆಯ ದಿನಗಳಲ್ಲಿ ಹೋಗಿ ಕಲಿತೆ. ಯಾರೋ ಬಳಸಿ ಬಿಟ್ಟ ಒಂದು ಮೆತ್ತನೆಯ ಬೋರ್ಡು ತಂದೆ. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಿಂದ ಸ್ವಲ್ಪ ದೂರದಲ್ಲಿ ಬೇಸಿಗೆಯ ಬೆಳಿಗ್ಗೆಗಳಲ್ಲಿ ಸಣ್ಣ, ಶಿಸ್ತಿನ ತೆರೆಗಳು ಬರುತ್ತವೆ. ನಾನು ಅಲ್ಲಿ ಆಡುವಾಗ ಸಿಸ್ಟರ್ ದಂಡೆಯಲ್ಲಿ ನಿಂತಿರುತ್ತಿದ್ದರು. ಹೊತ್ತಾದ ಕೂಡಲೇ ಕಿತ್ತಳೆ ಜಾಕೆಟ್ ಬಿಚ್ಚಿ ತಲೆಯ ಮೇಲೆ ಬೀಸುತ್ತಿದ್ದರು. "ಒಬ್ಬಳೇ ಸಮುದ್ರಕ್ಕೆ ಇಳಿಯುದು ಮಾತ್ರ ಬೇಡ," ಎಂದು ಎಷ್ಟು ಸಲ ಹೇಳಿದ್ದರೋ…

ಏಪ್ರಿಲ್ ಕೊನೆಯ ಒಂದು ದಿನ ಅವರು ಇರಲಿಲ್ಲ. ತಾಯಿಯನ್ನು ನೋಡಲು ಹಿಂದಿನ ಸಂಜೆ ವರ್ಕಾಡಿಗೆ ಹೋಗಿದ್ದರು. ಒಂಬತ್ತರವರೆಗೆ ರಜೆ ಕೇಳಿದ್ದರು. ನಾನು ಒಬ್ಬಳೇ ಇಳಿದೆ. ಆ ಬೆಳಿಗ್ಗೆಯಂಥ ತೆರೆಗಳನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದರ ಹಿಂದೆ ಒಂದು, ಗಾಜಿನ ಹಾಗೆ ನುಣುಪು. ಇದೊಂದು, ಇನ್ನೊಂದು ಎನ್ನುತ್ತಾ ಹೋದೆ. ಫೋನು ಸ್ಕೂಟರಿನ ಡಿಕ್ಕಿಯಲ್ಲಿತ್ತು. ಬಿಸಿಲು ಬೆನ್ನು ಸುಟ್ಟಾಗ ಎಚ್ಚರವಾಯಿತು.

ಕ್ಲಿನಿಕ್ಕಿಗೆ ಮುಟ್ಟುವಾಗ ಎಂಟೂ ಇಪ್ಪತ್ತು. ಮೆಟ್ಟಿಲಿನ ಮೇಲೆ ರಕ್ತದ ಕಲೆ ಇತ್ತು. ಒಳಗೆ ಬೆಂಚಿನ ಮೇಲೆ ಬೀಡಿ ಕಟ್ಟುವ ಒಬ್ಬ ಅಜ್ಜಿ ಮಲಗಿದ್ದರು, ಹಣೆಗೆ ಪಟ್ಟಿ. ಪಕ್ಕದಲ್ಲಿ ಸಿಸ್ಟರ್. ಅಜ್ಜಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿ ತಿನ್ನದೆ, ಏಳೂ ಕಾಲಿಗೇ ಬಂದು ಕೂತಿದ್ದರು. ಕಾದು ಕಾದು, ತಲೆ ತಿರುಗಿ, ಮೆಟ್ಟಿಲಿಗೆ ಬಿದ್ದಿದ್ದರು. ಮೊದಲ ಬಸ್ಸಿಗೇ ಹೊರಟು ಬಂದಿದ್ದ ಸಿಸ್ಟರ್ ಅದೇ ಹೊತ್ತಿಗೆ ಇಳಿದು, ಕ್ಲಿನಿಕ್ಕಿನ ಬೀಗ ತೆಗೆದು, ಗ್ಲೂಕೋಸ್ ಕೊಟ್ಟು ಎಚ್ಚರಿಸಿದ್ದರು. ಡಾಕ್ಟರು ಓಡಿ ಬಂದು ಮೂರು ಹೊಲಿಗೆ ಹಾಕಿದ್ದರು.

"ಎಲ್ಲಿಗೆ ಹೋಗಿದ್ದಿ?" ಡಾಕ್ಟರು ಕೇಳಿದರು.

"ಸ್ಕೂಟರ್ ಪಂಕ್ಚರ್ ಆಯ್ತು ಸರ್."

ಅವರು ನಂಬಿದರು. ಸಿಸ್ಟರ್ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು, ಅಷ್ಟೆ. ಡಾಕ್ಟರು ಒಳಗೆ ಹೋದ ಮೇಲೆ ಹತ್ತಿಯ ಒಂದು ಉಂಡೆ ತೆಗೆದುಕೊಂಡು ಬಂದು ನನ್ನ ಕಿವಿಯ ಹಿಂದೆ ಒರೆಸಿ, ಮರಳು ಮೆತ್ತಿದ ಅದನ್ನು ನನ್ನ ಅಂಗೈಯಲ್ಲಿಟ್ಟರು.

"ಪಂಕ್ಚರ್ ಆದ್ರೆ ಕಿವಿಯಲ್ಲಿ ಇಷ್ಟು ಹೊಯ್ಗೆ ಬರ್ತದಾ?"

ಅವರ ಬಾಯಿಂದ ತುಳು ಬರುತ್ತದೆಂದು ಕಾದೆ. ಬರಲಿಲ್ಲ. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

"ನಾನು ಯಾರಿಗೂ ಹೇಳುದಿಲ್ಲ," ಎಂದರು ತಗ್ಗಿದ ಸ್ವರದಲ್ಲಿ. "ನಂಗೆ ಹೆದರಿ ನೀನು ಹೇಳುದೂ ಬೇಡ. ಆದ್ರೆ ಆ ಅಜ್ಜಿ ಎದ್ದು ಕೂತು, 'ಪಾಪ, ನಿನ್ನ ಗಾಡಿ ಸರಿ ಆಯ್ತಾ ಮಗಾ' ಅಂತ ಕೇಳ್ತಾರೆ, ನೋಡು. ಆಗ ನೀನು ಎಂತ ಹೇಳ್ತಿ?"

ಅಜ್ಜಿ ನಿಜಕ್ಕೂ ಹಾಗೆಯೇ ಕೇಳಿದರು. ನಾನು ಅವರ ಎದುರು ಕೂತು ಇದ್ದದ್ದನ್ನು ಹೇಳಿದೆ. ಸಮುದ್ರದಲ್ಲಿ ಆಡುತ್ತಿದ್ದೆ ಎಂಬುದು ಅವರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ. ನನ್ನ ಕೈ ಹಿಡಿದುಕೊಂಡು, "ಮುಳುಗಲಿಲ್ಲ ಅಲ್ವಾ, ಅದು ದೊಡ್ಡದು," ಎಂದರು. ಮಧ್ಯಾಹ್ನ ಡಾಕ್ಟರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಆಮೇಲೆ ನಾನು ನೀರಿನ ಕಡೆಗೇ ಹೋಗಲಿಲ್ಲ. ಬೋರ್ಡನ್ನು ಮನೆಯ ಹಿಂದೆ ಸೌದೆಯ ಬದಿಗೆ ನಿಲ್ಲಿಸಿದೆ. ಏಳಕ್ಕೆಲ್ಲ ಲ್ಯಾಬಿಗೆ ಬಂದು, ಯಾರೂ ಬರುವ ಮೊದಲೇ ಸೂಜಿ, ಟ್ಯೂಬು ಜೋಡಿಸಿ ಕೂರುತ್ತಿದ್ದೆ. ಸಿಸ್ಟರ್ ಮಾತ್ರ ತಮ್ಮ ಪಾಡಿಗೆ ಒದ್ದೆ ಕೂದಲಿನಲ್ಲಿ ಬರುತ್ತಿದ್ದರು. ಮೂರು ವಾರ ಕಳೆದ ಮೇಲೆ ಒಂದು ಸಂಜೆ, ಕ್ಲಿನಿಕ್ಕಿನ ಬಾಗಿಲು ಹಾಕುವಾಗ ಹೇಳಿದರು:

"ಅಜ್ಜಿಯ ಹೊಲಿಗೆ ಬಿಚ್ಚಿ ಎಷ್ಟು ದಿನ ಆಯ್ತು? ನಿನ್ನದು ಬಿಚ್ಚುದು ಯಾವಾಗ?"

"ನಂಗೆ ಬೇಡ ಸಿಸ್ಟರ್. ಕೆಲಸ ಉಂಟಲ್ಲ, ಸಾಕು."

"ಕೆಲಸ ಇರುದಕ್ಕೇ ನೀರು ಬೇಕಾದ್ದು, ಮಾರಾಯ್ತಿ. ನಾಳೆ ಬಾ. ಲ್ಯಾಬಿನ ಇನ್ನೊಂದು ಕೀ ಮಾಡಿಸಿ ನಂಗೆ ಕೊಡು. ನೀನು ಐದು ನಿಮಿಷ ತಡ ಆದ್ರೆ ರಕ್ತ ನಾನು ತೆಗೀತೇನೆ. ಆರು ನಿಮಿಷ ಆದ್ರೆ ನಿನ್ನ ರಕ್ತವೂ ತೆಗೀತೇನೆ."

ಮರುದಿನ ಹೋದೆ. ಮಳೆಗಾಲ ಹತ್ತಿರವಾಗಿತ್ತು, ಅದು ಆ ವರ್ಷ ಸಮುದ್ರಕ್ಕೆ ಇಳಿಯಬಹುದಾದ ಕೊನೆಯ ಕೆಲವು ಬೆಳಿಗ್ಗೆಗಳಲ್ಲೊಂದು. ದಂಡೆಯಲ್ಲಿ ನಿಂತು ಸಿಸ್ಟರ್ ನನ್ನ ಬೋರ್ಡನ್ನು ಮುಟ್ಟಿ ನೋಡಿದರು. "ಇವತ್ತು ನಾನು," ಎಂದರು. ಸೊಂಟದ ಮಟ್ಟದ ನೀರಿನಲ್ಲಿ ಅವರನ್ನು ಬೋರ್ಡಿನ ಮೇಲೆ ಬೋರಲಾಗಿ ಮಲಗಿಸಿ, ನೊರೆಯ ತೆರೆಯೊಂದು ಬಂದಾಗ ಹಿಂದಿನಿಂದ ತಳ್ಳಿದೆ. ಐವತ್ತೆರಡು ವರ್ಷದ ಸಿಸ್ಟರ್ ಎದ್ದು ನಿಲ್ಲಲಿಲ್ಲ, ನಿಲ್ಲುವ ಪ್ರಯತ್ನವನ್ನೂ ಮಾಡಲಿಲ್ಲ. ಹಲಗೆಯನ್ನು ಎರಡೂ ಕೈಗಳಿಂದ ಅವಚಿಕೊಂಡು, ತಲೆಯೆತ್ತಿ, ದಂಡೆಯ ಹೊಯ್ಗೆಗೆ ಉಜ್ಜಿ ನಿಲ್ಲುವವರೆಗೂ ಹೋದರು. ಎದ್ದವರ ಮೈಯೆಲ್ಲ ಹೊಯ್ಗೆ. ನಗುತ್ತಿದ್ದರು. ಅವರು ಗಟ್ಟಿಯಾಗಿ ನಗುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಇನ್ನೊಂದು!" ಎಂದು ಕೂಗಿದರು. ನಾನು ಹೊತ್ತಾಯಿತು ಎಂದೆ. ಮುಖ ಸಣ್ಣದು ಮಾಡಿಕೊಂಡು ಬಂದರು.

ಆ ಮಳೆಗಾಲದಲ್ಲಿ ಅವರ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ವರ್ಕಾಡಿಯಲ್ಲಿ ತಮ್ಮನ ಸಂಸಾರವಿತ್ತು, ಆದರೆ ಹಾಸಿಗೆ ಹಿಡಿದವರ ಆರೈಕೆ ಸಿಸ್ಟರಿಗೆ ಗೊತ್ತಿದ್ದ ಹಾಗೆ ಬೇರೆಯವರಿಗೆ ಗೊತ್ತಿರಲಿಲ್ಲ. ಅವರು ಕೆಲಸ ಬಿಟ್ಟು ಹೊರಟರು. ಹೋಗುವಾಗ ರಬ್ಬರ್ ಹಲಗೆಯ ಚೀಲ ನನ್ನ ಸ್ಕೂಟರಿನಲ್ಲಿಟ್ಟು, "ಉಪ್ಪು ತೊಳೆದು ಒಣಗಿಸಿ ಮಡಚು. ಇಲ್ಲಾಂದ್ರೆ ಹಾಳಾಗ್ತದೆ," ಎಂದಷ್ಟೇ ಹೇಳಿದರು.

ಆಗಾಗ ಫೋನು ಮಾಡುತ್ತಿದ್ದರು. "ಇಲ್ಲಿ ಮನೆಯ ಹತ್ತಿರ ಒಂದು ಹಳೆಯ ಕಲ್ಲಿನ ಕೋರೆ ಉಂಟು. ಕೆಂಪುಕಲ್ಲು ಕಡಿದು ಬಿಟ್ಟದ್ದು. ಏಪ್ರಿಲ್‌ವರೆಗೂ ನೀರು ನಿಲ್ತದೆ. ಗಾಳಿ ಇಲ್ಲ, ತೆರೆ ಇಲ್ಲ. ಆ ಹಲಗೆ ತಕ್ಕೊಂಡು ಒಂದು ದಿನ ಬಾ, ನಿಲ್ಲುವ."

ಬರುತ್ತೇನೆ ಸಿಸ್ಟರ್ ಎಂದೆ. ನಿಜವಾಗಿಯೂ ಹೋಗಬೇಕೆಂದೇ ಇದ್ದೆ. ಒಂದು ಭಾನುವಾರ ತೆರೆ ಚೆನ್ನಾಗಿತ್ತು. ಇನ್ನೊಂದು ಭಾನುವಾರ ಯಾರದೋ ಮದುವೆ. ಮತ್ತೊಂದು ಬೇಸಿಗೆ ಬಂತು, ಅದೂ ಹೋಯಿತು. ಸಿಸ್ಟರ್ ಕೇಳುವುದನ್ನು ಬಿಡಲಿಲ್ಲ, ನಾನು ಬರುತ್ತೇನೆ ಎನ್ನುವುದನ್ನೂ ಬಿಡಲಿಲ್ಲ…

ಅವರು ಹೋದ ಸುದ್ದಿ ನನಗೆ ಡಾಕ್ಟರಿಂದ ಸಿಕ್ಕಿತು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಹೃದಯ.

ಬೊಜ್ಜದ, ಉತ್ತರಕ್ರಿಯೆಯ ದಿನ ವರ್ಕಾಡಿಗೆ ಹೋದೆ. ಒಂದು ಗಂಟೆಯ ದಾರಿ. ಎರಡು ವರ್ಷ ನನಗೆ ಸಿಗದ ಒಂದು ಗಂಟೆ. ಊಟವಾದ ಮೇಲೆ ಅವರ ತಮ್ಮನ ಹೆಂಡತಿ ನನ್ನನ್ನು ಕೋರೆಯ ಬಳಿಗೆ ಕರೆದುಕೊಂಡು ಹೋದರು. ಕಡಿದು ಬಿಟ್ಟ ಕೆಂಪು ಗೋಡೆಗಳ ನಡುವೆ ಹಸಿರು ನೀರು. ಒಂದು ಮೂಲೆಯಲ್ಲಿ ಲಾರಿಯ ಎರಡು ಟ್ಯೂಬುಗಳನ್ನು ಜೋಡಿಸಿ, ಮೇಲೆ ಹಲಗೆ ಬಿಗಿದದ್ದು ತೇಲುತ್ತಿತ್ತು.

"ಅತ್ತಿಗೆ ದಿನಾ ಸಂಜೆ ಇಲ್ಲಿ ಬರ್ತಿದ್ರು," ಎಂದರು ಅವರು. "ಅತ್ತೆಗೆ ನಾಲ್ಕು ಗಂಟೆಯ ಮದ್ದು ಕೊಟ್ಟು ಬಂದ್ರೆ ಐದಕ್ಕೆ ಮೊದಲು ವಾಪಸ್. ಅದ್ರ ಮೇಲೆ ನಿಲ್ಲುದು, ಬೀಳುದು, ಮತ್ತೆ ನಿಲ್ಲುದು. ನಮಗೆ ನಗು. ಯಾರೋ ಒಬ್ಳು ಒಳ್ಳೆಯ ಹಲಗೆ ತರ್ಲಿಕ್ಕುಂಟು ಅಂತ ಹೇಳ್ತಿದ್ರು."

ಆ ಒಬ್ಬಳು ನಾನು ಎಂದು ಹೇಳಲು ನನ್ನಿಂದ ಆಗಲಿಲ್ಲ. ಆಮೇಲೊಂದು ದಿನ ಹೇಳಿದೆ.

ಈಗ ಬೇಸಿಗೆ. ವಾರದ ನಡುವೆ ಎರಡು ದಿನ ನೀರಿಗೆ ಇಳಿಯುತ್ತೇನೆ, ಹೊತ್ತಿಗೆ ಸರಿಯಾಗಿ ಲ್ಯಾಬ್ ತೆರೆಯುತ್ತೇನೆ. ತಿಂಗಳ ಮೊದಲ ಭಾನುವಾರ ಮಾತ್ರ ಸಮುದ್ರ ಇಲ್ಲ. ಅಂದು ವರ್ಕಾಡಿಗೆ ಹೋಗಿ ಸಿಸ್ಟರ್ ಅವರ ತಾಯಿಯ ರಕ್ತ ತೆಗೆದು ತರುತ್ತೇನೆ. ಅವರಿಗೆ ಎಂಬತ್ತು ಮೀರಿದೆ, ನರ ಸಿಗುವುದು ಕಷ್ಟ. ಮೊನ್ನೆಯೂ ಎರಡು ಸಲ ಚುಚ್ಚಬೇಕಾಯಿತು. ಅವರು ಮುಖ ಆಚೆ ತಿರುಗಿಸಿ ಸಹಿಸಿಕೊಂಡರು. ಹತ್ತಿ ಒತ್ತಿ ಹಿಡಿದಾಗ ಹೇಳಿದರು:

"ಅವಳ ಕೈ ಹಗುರ ಇತ್ತು."

"ಹೌದು ಅಜ್ಜಿ," ಎಂದೆ.